ಹಸು ಎಷ್ಟಿವೆ ಎಂಬ ಪ್ರಶ್ನೆಗೆ ವರ್ಷವಿಡೀ ಉತ್ತರ

ಚನ್ನರಾಯಪಟ್ಟಣದ ಕಡೆ ಯಾವ ಕೊಟ್ಟಿಗೆ ಮುಂದೆಯಾದರೂ ನಿಂತು ‘ಹಸು ಎಷ್ಟವೆ?’ ಎಂದು ಕೇಳಿ ನೋಡಿ. ಒಂದೇ ಸಂಖ್ಯೆಯ ಉತ್ತರ ಸಿಗುವುದು ಅಪರೂಪ. ‘ಎರಡು ಕರೀತವೆ. ಒಂದು ಗಬ್ಬ, ಹಾಲು ಬಿಟ್ಟೈತೆ. ಕಡಸು ಒಂದೈತೆ, ಇನ್ನೂ ಬೆದೆಗೆ ಬಂದಿಲ್ಲ’ ಎನ್ನುತ್ತಾರೆ. ಹೈನುಗಾರಿಕೆಯ ಇಂಗಾಲದ ಲೆಕ್ಕ, ಅಂದರೆ ಹಾಲಿನ ಹಿಂದೆ ಭೂಮಿಯ ಬಿಸಿ ಏರಿಸುವ ಅನಿಲ ಎಷ್ಟು ಹೊರಟಿತು ಎಂಬ ಲೆಕ್ಕ ಹಾಕುವವರಿಗೂ ಬೇಕಾದದ್ದು ಹೆಚ್ಚುಕಡಿಮೆ ಇದೇ. ಆದರೆ ಇವತ್ತಿನ ಉತ್ತರ ಒಂದೇ ಅವರಿಗೆ ಸಾಲದು. ಹೋದ ವರ್ಷ ಯಾವ ದಿನ ಬಂದು ಕೇಳಿದ್ದರೆ ಏನು ಹೇಳುತ್ತಿದ್ದಿರಿ ಎಂಬುದೂ ಬೇಕು. ತೊಡಕು ಇರುವುದು ಇಲ್ಲೇ.

ಹಸುವಿನ ಹೊಟ್ಟೆಯ ಮೊದಲ ಕೋಣೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕೊಳೆಸಿ ಅರಗಿಸುತ್ತವೆ. ಆ ಕೆಲಸದಲ್ಲಿ ಹೈಡ್ರೋಜನ್ ಉಳಿಯುತ್ತದೆ. ಆರ್ಕಿಯ ಎಂಬ ಗುಂಪಿನ ಜೀವಿಗಳು ಅದನ್ನು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಸಿ ಮೀಥೇನ್ ಮಾಡುತ್ತವೆ. ಅದರ ಬಹುಪಾಲು ಹೊರಗೆ ಬರುವುದು ತೇಗಿನಲ್ಲಿ, ಬಾಯಿಯ ಮೂಲಕ. ಹಿಂಬದಿಯ ಬಗ್ಗೆ ಜನ ಮಾಡುವ ತಮಾಷೆಗೆ ಆಧಾರ ತೀರಾ ಕಡಿಮೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ ಆರನೇ ವರದಿಯ ಪ್ರಕಾರ, ಹೀಗೆ ಜೈವಿಕ ಮೂಲದಿಂದ ಬರುವ ಒಂದು ಕಿಲೋ ಮೀಥೇನ್ 100 ವರ್ಷಗಳ ಅವಧಿಯಲ್ಲಿ 27 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಬಿಸಿ ಏರಿಸುತ್ತದೆ.

ಪ್ರತಿ ಹಸುವಿನ ಮೂತಿಗೂ ಯಂತ್ರ ಕಟ್ಟಿ ತೇಗು ಅಳೆಯಲು ಆಗುವುದಿಲ್ಲ. ಹಾಗಾಗಿ ತಿಂದ ಮೇವಿನಿಂದ ಲೆಕ್ಕ ಕಟ್ಟುತ್ತಾರೆ. ಮಿಶ್ರತಳಿ ಹಸುವೊಂದಕ್ಕೆ ದಿನಕ್ಕೆ 25 ಕಿಲೋ ನೇಪಿಯರ್ ಹುಲ್ಲು, 4 ಕಿಲೋ ರಾಗಿ ಹುಲ್ಲು, 4 ಕಿಲೋ ಹಿಂಡಿ-ಬೂಸಾ ಹಾಕುತ್ತಾರೆ ಎಂದುಕೊಳ್ಳೋಣ. ಹಸಿ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ನೀರು ಕಳೆದರೆ ಎಲ್ಲಾ ಸೇರಿ ಒಣ ತೂಕ ಸುಮಾರು 12 ಕಿಲೋ. ಒಂದು ಕಿಲೋ ಒಣ ಮೇವಿನಲ್ಲಿ 18.45 ಮೆಗಾಜೂಲ್ ಶಕ್ತಿ ಇದೆ ಎಂದೂ, ಅದರಲ್ಲಿ ಶೇ. 6.5 ಮೀಥೇನ್ ಆಗಿ ಸೋರಿಹೋಗುತ್ತದೆ ಎಂದೂ ಐಪಿಸಿಸಿಯ 2006ರ ಮಾರ್ಗಸೂಚಿ ಸಾಮಾನ್ಯ ಮೌಲ್ಯಗಳನ್ನು ಕೊಡುತ್ತದೆ. ಇವನ್ನು ಗುಣಿಸಿ, ಒಂದು ಕಿಲೋ ಮೀಥೇನ್‌ನಲ್ಲಿರುವ ಶಕ್ತಿಯಿಂದ ಭಾಗಿಸಿದರೆ ಆ ಹಸುವಿನ ವರ್ಷದ ಮೀಥೇನ್ ಸುಮಾರು 94 ಕಿಲೋ, ಅಂದರೆ ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಮೇವಿನ ಲೆಕ್ಕವೇ ಇಲ್ಲದಿದ್ದರೆ ತಲೆಗೆ ಇಷ್ಟು ಎಂಬ ಒಂದು ಅಂಕಿಯನ್ನೂ ಅದೇ ಮಾರ್ಗಸೂಚಿ ಇಟ್ಟಿದೆ: ಭಾರತ ಉಪಖಂಡದ ಕರೆಯುವ ಹಸುವಿಗೆ ವರ್ಷಕ್ಕೆ 58 ಕಿಲೋ. ಆ ಅಂಕಿ ನಿಂತಿರುವುದು ವರ್ಷಕ್ಕೆ 900 ಕಿಲೋ ಹಾಲು ಕೊಡುವ ಹಸುವಿನ ಮೇಲೆ. ನಮ್ಮ ಹಾಸನ ಜಿಲ್ಲೆಯ ಹೆಚ್ಚು ಹಾಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿಗೂ ಸಕಲೇಶಪುರದ ಗುಡ್ಡದಲ್ಲಿ ಮೇಯುವ ಸಣ್ಣ ಗಾತ್ರದ ಮಲೆನಾಡು ಗಿಡ್ಡಕ್ಕೂ ಅದನ್ನೇ ಹಾಕಿದರೆ ಎರಡಕ್ಕೂ ಅನ್ಯಾಯ.

ಸೂತ್ರ ಏನೋ ಸರಳ. ಅದಕ್ಕೆ ತಪ್ಪು ತಲೆ ಎಣಿಕೆ ಕೊಟ್ಟರೆ ಮಾತ್ರ ಎಷ್ಟು ನಾಜೂಕಾಗಿ ಮೇವು ತೂಗಿದರೂ ಫಲವಿಲ್ಲ. ಒಂದು ಕಾಲ್ಪನಿಕ ಕೊಟ್ಟಿಗೆ ತೆಗೆದುಕೊಳ್ಳಿ. ಏಪ್ರಿಲ್ ಒಂದಕ್ಕೆ ಅಲ್ಲಿ ನಾಲ್ಕು ಹಸು, ಒಂದು ಕಡಸು. ಜೂನ್ ಕೊನೆಗೆ ಒಂದು ಹಸುವನ್ನು ಮಾರಿದರು. ಅಕ್ಟೋಬರ್ ಒಂದರಂದು ಕಡಸು ಕರು ಹಾಕಿತು, ಅವತ್ತಿನಿಂದ ಅದೂ ಹಸು. ಜನವರಿ ಒಂದಕ್ಕೆ ಸಂತೆಯಿಂದ ಇನ್ನೊಂದು ಹಸು ಬಂತು. ಮಾರ್ಚ್ 31ಕ್ಕೆ ಎಣಿಸಿದವರಿಗೆ ಐದು ಹಸು ಸಿಗುತ್ತವೆ. ಈಗ ದಿನ ಎಣಿಸೋಣ. ಪೂರ್ತಿ ವರ್ಷ ಇದ್ದ ಮೂರಕ್ಕೆ 1,095 ದಿನ, ಮಾರಿದ್ದಕ್ಕೆ 91, ಕರು ಹಾಕಿದ ಕಡಸಿಗೆ 182, ಸಂತೆಯಿಂದ ಬಂದದ್ದಕ್ಕೆ 90. ಒಟ್ಟು 1,458 ದಿನ; 365ರಿಂದ ಭಾಗಿಸಿದರೆ ಸರಾಸರಿ ನಾಲ್ಕು ಹಸು. ಐದು ಎಂದು ಬರೆದುಕೊಂಡಿದ್ದರೆ ಲೆಕ್ಕದಲ್ಲಿ ಕಾಲುಭಾಗ ಏರಿಬಿಡುತ್ತಿತ್ತು. ಕಡಸು ಕಡಸಾಗಿಯೇ ಇದ್ದ 183 ದಿನ ಬೇರೆ ಸಾಲಿಗೆ ಹೋಗುತ್ತದೆ, ಏಕೆಂದರೆ ಅದು ತಿನ್ನುವುದು ಕಡಿಮೆ.

ಹೀಗಾಗಿ ಜಾನುವಾರು ಪುಸ್ತಕಕ್ಕೆ ಬ್ಯಾಂಕಿನ ಪಾಸ್‌ಬುಕ್ಕಿನ ಶಿಸ್ತು ಬೇಕು. ತಿಂಗಳ ಮೊದಲಿಗೆ ಇದ್ದದ್ದು, ಹುಟ್ಟಿದ್ದು, ಕೊಂಡದ್ದು, ಮಾರಿದ್ದು, ಸತ್ತದ್ದು, ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿದ್ದು, ತಿಂಗಳ ಕೊನೆಗೆ ಉಳಿದದ್ದು. ಕೊನೆಯ ಸಂಖ್ಯೆ ಕೊಟ್ಟಿಗೆಯಲ್ಲಿ ಕಟ್ಟಿರುವ ತಲೆಗಳಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ನಾನು ಮೊದಲು ಅನುಮಾನಿಸುವುದು ಗಂಡು ಕರುವನ್ನು. ಹುಟ್ಟಿದ್ದನ್ನು ಯಾರೂ ಬರೆದಿರುವುದಿಲ್ಲ, ಹೋದದ್ದನ್ನೂ ಬರೆದಿರುವುದಿಲ್ಲ. ಬರೀ ಹಾಲು ಕುಡಿಯುವ ಕರುವಿಗೆ ಮೀಥೇನ್ ಸೊನ್ನೆ ಎಂದೇ ಹಿಡಿಯುತ್ತಾರೆ, ನಿಜ. ಹುಲ್ಲು ಕಚ್ಚಲು ಶುರುಮಾಡಿದ ಮೇಲೆ ಆ ರಿಯಾಯಿತಿ ಇಲ್ಲ. ಸತ್ತ ಹಸುವಿನ ಹೆಸರನ್ನು ಪುಸ್ತಕದಿಂದ ಹೊಡೆದುಹಾಕಿ ಮರೆಯುವುದೂ ಸರಿಯಲ್ಲ. 2022ರಲ್ಲಿ ರಾಜ್ಯಕ್ಕೆ ಚರ್ಮಗಂಟು ರೋಗ ಬಂದಾಗ ಸತ್ತ ಹಸುಗಳು ಸಾಯುವವರೆಗೂ ಮೇವು ತಿಂದಿದ್ದವು, ಡೇರಿಗೆ ಹಾಲನ್ನೂ ಕೊಟ್ಟಿದ್ದವು.

ಇಷ್ಟೆಲ್ಲ ಯಾರು ಬರೆಯುತ್ತಾರೆ ಎಂದು ಕೇಳಬಹುದು. ಸ್ವಲ್ಪ ಭಾಗ ಆಗಲೇ ಬರೆದಾಗಿದೆ, ಚೆದುರಿ ಬಿದ್ದಿದೆ ಅಷ್ಟೆ. ಹಾಸನ ಹಾಲು ಒಕ್ಕೂಟದ ವ್ಯಾಪ್ತಿಗೆ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆ ಸೇರುತ್ತವೆ. ಊರಿನ ಸಂಘದಲ್ಲಿ ಬೆಳಿಗ್ಗೆ ಸಂಜೆ ಹಾಕಿದ ಹಾಲಿನ ಲೀಟರು, ಫ್ಯಾಟು ದಾಖಲಾಗುತ್ತದೆ. ಕಿವಿಯ ಹಳದಿ ಓಲೆಯಲ್ಲಿ 12 ಅಂಕಿಯ ಗುರುತು ಸಂಖ್ಯೆ ಇದೆ. ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಟ್ಟ ದಿನ, ಲಸಿಕೆ ಹಾಕಿದ ದಿನ ಅದರ ಹೆಸರಲ್ಲಿ ಸೇರಬೇಕು. ಆದರೆ ಸಂಘದ ಪುಸ್ತಕ ಮನೆಯ ಕ್ಯಾನಿನ ಲೆಕ್ಕ, ಯಾವ ಹಸು ಎಷ್ಟು ಕೊಟ್ಟಿತು ಎಂಬುದು ಅದರಲ್ಲಿಲ್ಲ. ಮನೆ ಕಾಫಿಗೆ ತೆಗೆದಿಟ್ಟ ಹಾಲು, ಕರು ಕುಡಿದ ಹಾಲು ಅದರೊಳಗೆ ಬರುವುದಿಲ್ಲ. ಹೊಟ್ಟೆಯ ಲೆಕ್ಕ ಪೂರ್ತಿ ಹಿಡಿದು ಹಾಲಿನ ಲೆಕ್ಕ ಅರ್ಧ ಬಿಟ್ಟರೆ ಲೀಟರಿಗೆ ಬೀಳುವ ಇಂಗಾಲ ಸುಮ್ಮನೆ ದುಬಾರಿಯಾಗುತ್ತದೆ.

ಹಾಲನ್ನೂ ಇದ್ದ ಹಾಗೆ ಎಣಿಸುವುದಿಲ್ಲ. ಶೇ. 4 ಕೊಬ್ಬು, ಶೇ. 3.3 ಪ್ರೋಟೀನ್ ಇರುವ ಹಾಲಿಗೆ ಸರಿದೂಗಿಸಿ ಎಣಿಸುತ್ತಾರೆ. ಶೇ. 3.5 ಫ್ಯಾಟ್, ಶೇ. 3.2 ಪ್ರೋಟೀನ್ ಇರುವ 100 ಕಿಲೋ ಹಾಲು ಆ ಅಳತೆಯಲ್ಲಿ 93 ಕಿಲೋ. ತೆಳು ಹಾಲನ್ನೂ ಗಟ್ಟಿ ಹಾಲನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಈ ಏರ್ಪಾಡು.

ಇನ್ನು ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಬೆಲೆ ಹೆಚ್ಚಿರುವುದು ಎರಡು ತಾರೀಖಿಗೆ: ಕಡಸು ಹುಟ್ಟಿದ ದಿನ, ಅದು ಮೊದಲ ಸೂಲು ಕರು ಹಾಕಿದ ದಿನ. ಎರಡೂವರೆ ವರ್ಷಕ್ಕೆ ಈಯಬೇಕಾದ ಕಡಸು ಮೂರೂವರೆ ವರ್ಷಕ್ಕೆ ಈದರೆ ಒಂದು ಇಡೀ ವರ್ಷ ಹಾಲಿಲ್ಲದೆ ತಿಂದಂತಾಯಿತು. ದಿನಕ್ಕೆ 7 ಕಿಲೋ ಒಣ ಮೇವು ಎಂದರೂ ಮೇಲಿನ ಸೂತ್ರದಲ್ಲಿ ಆ ವರ್ಷದ ಮೀಥೇನ್ 55 ಕಿಲೋ, ಸುಮಾರು ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅದನ್ನು ಹೊರಬೇಕಾದ್ದು ಮುಂದೆ ಆ ಹಸು ಕೊಡುವ ಹಾಲು. ಎರಡು ಸೂಲಿನ ನಡುವಿನ ಅಂತರವೂ ಹೀಗೇ. ಬೆದೆ ಬಂದದ್ದು ಕಣ್ಣಿಗೆ ಬೀಳದೆ ಒಮ್ಮೆ ತಪ್ಪಿದರೆ ಮುಂದಿನದಕ್ಕೆ ಸುಮಾರು 21 ದಿನ ಕಾಯಬೇಕು. ಇಂಗಾಲದ ಚಿಂತೆ ಇಲ್ಲದ ರೈತನಿಗೂ ಆ ದಿನಗಳ ಹಿಂಡಿ ದುಡ್ಡು ಗೊತ್ತು. ಮೀಥೇನ್ ತಗ್ಗಿಸುವ ವಿಶೇಷ ಆಹಾರ, ಪುಡಿಗಳ ಬಗ್ಗೆ ಸಭೆಗಳಲ್ಲಿ ಬಹಳ ಮಾತಾಗುತ್ತದೆ. ಅದಕ್ಕೂ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಬೆದೆ ದಿನಕ್ಕೆ ಒಂದು ಸುತ್ತು ಹಾಕುವ ಅಭ್ಯಾಸ ಬರಲಿ ಎನ್ನುವವನು ನಾನು.

ಮೇವಿನ ಅಂದಾಜಿಗೆ ಹಸುವಿನ ತೂಕವೂ ಬೇಕು. ಅದಕ್ಕೆ ತೂಕದ ಯಂತ್ರವೇ ಬೇಕೆಂದಿಲ್ಲ, ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದು ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಭುಜದಿಂದ ಪೃಷ್ಠದವರೆಗಿನ ಉದ್ದದಿಂದ ಗುಣಿಸಿ, ಎಲ್ಲಾ ಸೆಂಟಿಮೀಟರಿನಲ್ಲಿ, 10,840ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. 170 ಸುತ್ತಳತೆ, 140 ಉದ್ದದ ಹಸು ಸುಮಾರು 373 ಕಿಲೋ. ಅಂದಾಜೇ, ಆದರೆ ಕಣ್ಣಂದಾಜಿಗಿಂತ ಎಷ್ಟೋ ವಾಸಿ.

ಸಗಣಿಯ ಕಲಂನಲ್ಲಿ ಕೇಳುವುದು ಎಷ್ಟು ಎಂಬುದಕ್ಕಿಂತ ಎಲ್ಲಿ ಹೋಗುತ್ತದೆ ಎಂಬುದನ್ನು. ಗಾಳಿಯಾಡುವ ತಿಪ್ಪೆಯಲ್ಲಿ ಮೀಥೇನ್ ಕಡಿಮೆ. ಕೊಟ್ಟಿಗೆ ತೊಳೆದ ನೀರಿನ ಜೊತೆ ಗುಂಡಿಯಲ್ಲಿ ನಿಂತರೆ ಗಾಳಿ ಸಿಗದೆ ಮೀಥೇನ್ ಹಲವು ಪಟ್ಟು ಏರುತ್ತದೆ. ಗೋಬರ್ ಗ್ಯಾಸ್ ಇದ್ದರೆ ಅದೇ ಮೀಥೇನ್ ಒಲೆಯಲ್ಲಿ ಉರಿಯುತ್ತದೆ. ಗೊಬ್ಬರ, ಗಂಜಲದಿಂದ ನೈಟ್ರಸ್ ಆಕ್ಸೈಡೂ ಹೊರಡುತ್ತದೆ. ಅದರ ಬಿಸಿ ಏರಿಸುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು. ಕರೆಂಟು, ಡೀಸೆಲ್, ಕೊಂಡ ಹಿಂಡಿ ಇವುಗಳಿಗೆ ರಸೀದಿ ಎತ್ತಿಟ್ಟರೆ ಸಾಕು.

ಉಳಿದ ಒಂದು ಜಗಳ ಎತ್ತುಗಳದ್ದು. ಅರಸೀಕೆರೆ, ಕಡೂರಿನ ಕಡೆ ಹಸುಗಳ ಪಕ್ಕದಲ್ಲೇ ಹಳ್ಳಿಕಾರ್ ಜೋಡಿ ಕಟ್ಟಿರುವ ಮನೆಗಳುಂಟು. ಮೇವು ಒಂದೇ ಬಣವೆಯದು. ಆದರೆ ಎತ್ತು ಉಳುವುದು ಹೊಲವನ್ನು, ಅದರ ಮೀಥೇನನ್ನು ಹಾಲಿನ ತಲೆಗೆ ಕಟ್ಟುವುದು ತರವಲ್ಲ. ಅದಕ್ಕೊಂದು ಬೇರೆ ಸಾಲು ಹಾಕಿ, ಬಣವೆಯಿಂದ ಅದರ ಪಾಲಿಗೆ ದಿನಕ್ಕೆ ಎಷ್ಟು ಹೊರೆ ಹೋಗುತ್ತದೆ ಎಂದು ಬರೆದಿಡಬೇಕು. ಹಾಗೆ ಬರೆಯದಿದ್ದರೆ ಆ ಹುಲ್ಲನ್ನೂ ಹಸುಗಳೇ ತಿಂದವು ಎಂದು ಲೆಕ್ಕದವರು ಹಿಡಿಯುತ್ತಾರೆ.