ಪಂಕ್ಚರ್ ಆಗದ ಟೈರ್ ಬರುವ ತನಕ ಕಾಯಬೇಕಾ?

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕಿನ ಹಳ್ಳಿ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಕಾರು ಪಂಕ್ಚರ್ ಆಗುವುದು ತಪ್ಪಿದ್ದಲ್ಲ. ಗಾಳಿಯೇ ಬೇಡದ ಟೈರ್ ಬಂದಿದೆ ಅಂತ ಮೊಬೈಲಿನಲ್ಲಿ ವಿಡಿಯೊ ನೋಡಿದೆ. ನನ್ನ ಕಾರಿನ ನಾಲ್ಕೂ ಟೈರ್ ಸವೆದಿವೆ. ಈಗಲೇ ಹೊಸದು ಹಾಕಿಸಲಾ, ಇಲ್ಲ ಅದಕ್ಕೆ ಕಾಯಲಾ?

ಹಾಕಿಸಿಬಿಡಿ. ಕಾಯಬೇಡಿ. ಸವೆದ ಟೈರಿನ ಮೇಲೆ ಓಡಾಡುತ್ತಾ ಕಾಯುವುದಂತೂ ಬೇಡವೇ ಬೇಡ.

ಹಾಗಂತ ನೀವು ನೋಡಿದ ವಿಡಿಯೊ ಸುಳ್ಳಲ್ಲ. ಫ್ರಾನ್ಸಿನ ಮಿಷೆಲಿನ್ ಕಂಪನಿ 2005ರಲ್ಲೇ ಟ್ವೀಲ್ ಎಂಬ ಗಾಳಿ ರಹಿತ ಗಾಲಿಯನ್ನು ತೋರಿಸಿತ್ತು. ಜಪಾನಿನ ಬ್ರಿಜ್‌ಸ್ಟೋನ್ 2011ರಲ್ಲಿ ತನ್ನದನ್ನು ತಂದಿತು. 2019ರಲ್ಲಿ ಮಿಷೆಲಿನ್ ಮತ್ತು ಜನರಲ್ ಮೋಟಾರ್ಸ್ ಸೇರಿ ಅಪ್ಟಿಸ್ ಎಂಬ ಕಾರಿನ ಟೈರ್ ತೋರಿಸಿ, 2024ರ ಹೊತ್ತಿಗೇ ಮಾಮೂಲಿ ಕಾರುಗಳಿಗೆ ಬರಬಹುದು ಅಂದವು. 2024 ಬಂತು, ಹೋಯಿತು. ಅಂಗಡಿಗೆ ಹೋಗಿ ನಿಮ್ಮ ಕಾರಿಗೆ ಹಾಕಿಸಿಕೊಂಡು ಬರುವಂಥ ಟೈರ್ ಮಾತ್ರ ಬರಲಿಲ್ಲ. ಇಪ್ಪತ್ತು ವರ್ಷದಿಂದ "ಇನ್ನೇನು ಬಂತು" ಅನ್ನಿಸಿಕೊಳ್ಳುತ್ತಿರುವ ವಸ್ತು ಇದು.

ಇದು ಕೆಲಸ ಮಾಡುವ ರೀತಿ ಮಾತ್ರ ಚೆನ್ನಾಗಿದೆ. ಹೊರಗೆ ರಸ್ತೆಗೆ ತಾಗುವ ರಬ್ಬರ್ ಪಟ್ಟಿ, ಒಳಗೆ ಲೋಹದ ಗಾಲಿ, ಇವೆರಡರ ನಡುವೆ ಬಾಗುವ ಕಡ್ಡಿಗಳು. ಅಪ್ಟಿಸ್‌ನಲ್ಲಿ ಈ ಕಡ್ಡಿಗಳನ್ನು ಗಾಜಿನ ನಾರು ಬೆರೆಸಿದ ರಾಳದಿಂದ ಮಾಡುತ್ತಾರೆ. ಕೆಳಗಿನ ಕಡ್ಡಿಗಳು ಕಂಬಗಳ ಹಾಗೆ ಕಾರನ್ನು ಹೊತ್ತು ನಿಂತಿರುತ್ತವೆ ಅಂತ ನೋಡಿದವರಿಗೆ ಅನ್ನಿಸುತ್ತದೆ. ಟ್ವೀಲ್‌ನಲ್ಲಿ ನಡೆಯುವುದು ಉಲ್ಟಾ. ನೆಲಕ್ಕೆ ಹತ್ತಿರ ಬಂದ ಕಡ್ಡಿ ಮಡಚಿಕೊಂಡು ಸುಮ್ಮನಾಗುತ್ತದೆ. ಭಾರ ಹೊರುವುದು ಮೇಲಿನ ಕಡ್ಡಿಗಳು. ಹಗ್ಗಕ್ಕೆ ತೊಟ್ಟಿಲು ಕಟ್ಟಿದಂತೆ ಗಾಲಿಯ ನಡುಭಾಗ ಅವುಗಳಿಂದ ಜೋತು ಬಿದ್ದಿರುತ್ತದೆ. ಗಾಲಿ ತಿರುಗಿದಂತೆ ಮೇಲಿನದು ಕೆಳಗೆ ಬರುತ್ತದೆ, ಎಳೆತ ಬಿಟ್ಟು ಮಡಚುತ್ತದೆ, ಮತ್ತೆ ಮೇಲೆ ಹೋಗಿ ಬಿಗಿಯಾಗುತ್ತದೆ.

ಕಷ್ಟ ಇರುವುದೂ ಅಲ್ಲೇ. ಒಂದು ಲೆಕ್ಕ ಹಾಕಿ ನೋಡೋಣ. ಸಣ್ಣ ಕಾರಿನ ಗಾಲಿಯ ಸುತ್ತಳತೆ ಸುಮಾರು 1.8 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 12 ಸುತ್ತು ತಿರುಗುತ್ತದೆ. ಟೈರ್ 40,000 ಕಿ.ಮೀ. ಬಾಳಿದರೆ ಒಂದೊಂದು ಕಡ್ಡಿಯೂ ಎರಡು ಕೋಟಿಗಿಂತ ಜಾಸ್ತಿ ಸಲ ಮಡಚಿ ಬಿಚ್ಚಿಕೊಳ್ಳಬೇಕು. ಪ್ರತಿ ಸಲ ಮಡಚಿದಾಗಲೂ ಒಂದಿಷ್ಟು ಶಾಖ ಹುಟ್ಟುತ್ತದೆ. ಗಾಳಿಗೆ ಈ ತಾಪತ್ರಯ ಇಲ್ಲ. ಎಷ್ಟು ಕೋಟಿ ಸಲ ಒತ್ತಿದರೂ ಗಾಳಿ ಬಿರುಕು ಬಿಡುವುದಿಲ್ಲ, ಸವೆಯುವುದಿಲ್ಲ. ಭಾರವಿಲ್ಲ, ದುಡ್ಡೂ ಬೇಕಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನ ಡನ್ಲಪ್ ಎಂಬ ಪಶುವೈದ್ಯರು ಮಗನ ಮೂರು ಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ಟೈರ್ ಹಾಕಿದ್ದರು. ಅಲ್ಲಿಂದ ಇಲ್ಲಿಯವರೆಗೆ ಅದಕ್ಕೆ ಸರಿಸಾಟಿ ಸಿಕ್ಕಿಲ್ಲ ಅಂದರೆ ಅದಕ್ಕೆ ಕಾರಣ ಇದೆ, ಅಲ್ವಾ?

ಕಡ್ಡಿಗಳು ಒಂದರ ಹಿಂದೊಂದು ನೆಲದ ಕಡೆ ಬರುವಾಗ ಅದುರು ಹುಟ್ಟುತ್ತದೆ. ಮೊದಮೊದಲ ಟ್ವೀಲ್ ಗಂಟೆಗೆ 80 ಕಿ.ಮೀ. ದಾಟಿದರೆ ಜೋರಾಗಿ ಅದುರುತ್ತಿತ್ತು, ಸದ್ದು ಮಾಡುತ್ತಿತ್ತು. ಆಮೇಲೆ ಬಂದವು ಎಷ್ಟೋ ಸುಧಾರಿಸಿವೆ. ಆದರೆ ವಿಜಯಪುರದಿಂದ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಹೋಗುವವರು 80ಕ್ಕೆ ನಿಲ್ಲುವುದಿಲ್ಲವಲ್ಲ.

ಇನ್ನು ಭಾರದ ವಿಷಯ. ಡ್ರೈವರ್ ಬಾಗಿಲ ಕಂಬದ ಮೇಲೆ ಅಂಟಿಸಿದ ಚೀಟಿ ನೋಡಿ. ಕಡಿಮೆ ಜನ ಇದ್ದಾಗ ಇಷ್ಟು ಗಾಳಿ, ಪೂರ್ತಿ ಭಾರ ಇದ್ದಾಗ ಇಷ್ಟು ಅಂತ ಎಷ್ಟೋ ಕಾರುಗಳಲ್ಲಿ ಎರಡು ಅಂಕಿ ಇರುತ್ತವೆ. ಮನೆಮಂದಿಯನ್ನೆಲ್ಲ ತುಂಬಿಕೊಂಡು, ಡಿಕ್ಕಿಯಲ್ಲಿ ಜೋಳದ ಚೀಲ ಹಾಕಿಕೊಂಡು ಹೊರಡುವಾಗ ಎರಡು ಮೂರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚು ಹಾಕಿಸಬಹುದು. ಗಾಳಿ ಇಲ್ಲದ ಟೈರಿನಲ್ಲಿ ಈ ಅನುಕೂಲ ಇಲ್ಲ. ಕಾರ್ಖಾನೆಯಲ್ಲಿ ಕಡ್ಡಿಗೆ ಎಷ್ಟು ಬಿಗಿ ಇಟ್ಟರೋ ಅಷ್ಟೇ.

ನಮ್ಮ ಕಡೆಗೆ ನನಗೆ ಇದೆಲ್ಲಕ್ಕಿಂತ ದೊಡ್ಡ ಚಿಂತೆ ಎರೆ ಮಣ್ಣಿನದು. ಮಳೆ ಬಿದ್ದ ಹೊಲದ ದಾರಿಯಲ್ಲಿ ಎರೆ ಹೇಗೆ ಗಾಲಿಗೆ ಮೆತ್ತಿಕೊಳ್ಳುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಬೈಕಿನ ಮಡ್‌ಗಾರ್ಡ್ ಒಳಗೆ ತುಂಬಿ ಗಾಲಿಯೇ ತಿರುಗದ ಹಾಗೆ ಮಾಡುವ ಮಣ್ಣು ಅದು. ಅಪ್ಟಿಸ್‌ನಂಥ ಟೈರಿನ ಪಕ್ಕ ತೆರೆದೇ ಇರುತ್ತದೆ. ಕಡ್ಡಿಗಳ ಸಂದಿಗೆ ಆ ಮಣ್ಣು ಹೊಕ್ಕು, ಮರುದಿನ ಬಿಸಿಲಿಗೆ ಗಟ್ಟಿಯಾದರೆ ಕಡ್ಡಿ ಮಡಚಲು ಜಾಗ ಇರುವುದಿಲ್ಲ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕೂತರೆ ಗಾಲಿಯ ಬ್ಯಾಲೆನ್ಸ್ ತಪ್ಪಿ ಸ್ಟೀರಿಂಗ್ ನಡುಗುತ್ತದೆ. ಕಡಿ ಹಾಕಿದ ರಸ್ತೆಯಲ್ಲಿ ಕಲ್ಲು ಸಿಕ್ಕಿಕೊಳ್ಳುವ ಕಾಟ ಬೇರೆ. ಪಕ್ಕ ಮುಚ್ಚಿಬಿಟ್ಟರೆ ಒಳಗಿನ ಶಾಖ ಹೊರಗೆ ಹೋಗುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಡಾಂಬರು ಅದಕ್ಕಿಂತ ಕಾದಿರುತ್ತದೆ.

ಹಾಗಾದರೆ ಇದು ಯಾರ ಉಪಯೋಗಕ್ಕೆ? ವೇಗ ಕಡಿಮೆ ಇದ್ದು, ಪಂಕ್ಚರ್ ಆದರೆ ಕೆಲಸವೇ ನಿಲ್ಲುವ ಕಡೆ ಈಗಾಗಲೇ ಉಪಯೋಗದಲ್ಲಿದೆ. ಹುಲ್ಲು ಕತ್ತರಿಸುವ ಯಂತ್ರ, ಮಣ್ಣು ತುಂಬುವ ಸಣ್ಣ ಲೋಡರ್‌ಗಳಿಗೆ ಟ್ವೀಲ್ ಮಾರಾಟವಾಗುತ್ತದೆ. ಸಿಂಗಪುರದಲ್ಲಿ 2023ರಲ್ಲಿ ಡಿಎಚ್‌ಎಲ್ ಪಾರ್ಸೆಲ್ ವ್ಯಾನುಗಳಿಗೆ ಅಪ್ಟಿಸ್ ಹಾಕಿ ಓಡಿಸತೊಡಗಿದರು. ಅಲ್ಲಿ ಊರೊಳಗಿನ ಓಡಾಟ, ನುಣುಪು ರಸ್ತೆ, ಇಂತಿಷ್ಟೇ ಭಾರ, ಸಂಜೆ ಗಾಡಿ ನೋಡಲು ಕಂಪನಿಯದೇ ಮೆಕ್ಯಾನಿಕ್. ನಮ್ಮ ಜಿಲ್ಲೆಯಲ್ಲಿ ಇಂಥ ಗಾಲಿ ಮೊದಲು ಬಂದರೆ ಇಳಕಲ್ಲಿನ ಗ್ರಾನೈಟ್ ಕ್ವಾರಿಯ ಸಣ್ಣ ಯಂತ್ರಗಳಿಗೆ ಬಂದೀತು, ಕಾರಿಗಲ್ಲ ಅಂತ ನನ್ನ ಅಂದಾಜು.

ನಾಳೆಯೇ ಬಂತು ಅಂದುಕೊಳ್ಳಿ. ಟ್ವೀಲ್, ಅಪ್ಟಿಸ್ ಎರಡರಲ್ಲೂ ರಬ್ಬರು, ಕಡ್ಡಿ, ಗಾಲಿ ಎಲ್ಲ ಸೇರಿ ಒಂದೇ. ನಿಮ್ಮೂರಿನ ಪಂಕ್ಚರ್ ಅಂಗಡಿಯವರು ರಿಮ್ ಉಳಿಸಿಕೊಂಡು ಟೈರ್ ಮಾತ್ರ ಬದಲಿಸಲು ಆಗುವುದಿಲ್ಲ. ಕಾನೂನಿನ ಮಾತೂ ಇದೆ. ನಮ್ಮಲ್ಲಿ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದ 2009ರ ಆದೇಶ ಇರುವುದು ಗಾಳಿ ತುಂಬುವ ಟೈರಿನ ಬಗ್ಗೆ. ಬೇರೆ ಬಗೆಯದಕ್ಕೆ ಪರೀಕ್ಷೆ, ನಿಯಮ ಎಲ್ಲ ಹೊಸದಾಗಿ ಆಗಬೇಕು.

ಈಗ ನಿಮ್ಮ ಪಂಕ್ಚರ್ ವಿಷಯಕ್ಕೆ ಬರೋಣ. ಹಂಗಾಮಿನಲ್ಲಿ ಜಾಸ್ತಿ ಆಗುವುದು ಸುಮ್ನೆ ಅನ್ನಿಸುವುದಲ್ಲ. ಕಬ್ಬಿನ ಗಾಡಿ ಎಳೆಯುವ ಎತ್ತಿನ ಲಾಳದ ಮೊಳೆ, ಟ್ರೇಲರಿನಿಂದ ಕಳಚಿದ ಬೋಲ್ಟು, ತಂತಿ ಎಲ್ಲ ರಸ್ತೆಯ ಅಂಚಿಗೆ ಸೇರುತ್ತವೆ. ಎದುರಿಗೆ ಡಬಲ್ ಟ್ರೇಲರ್ ಬಂದಾಗ ನಾವು ಕಾರು ಇಳಿಸುವುದೂ ಅದೇ ಅಂಚಿಗೆ. ಆದರೆ ಮೊಳೆ ಚುಚ್ಚಿದ್ದಕ್ಕೇ ಟೈರ್ ಎಸೆಯಬೇಕಾಗಿಲ್ಲ. ಟ್ಯೂಬ್‌ಲೆಸ್ ಟೈರಿನ ನಡುಭಾಗಕ್ಕೆ ಚುಚ್ಚಿದ್ದರೆ ಒಂದು ಸ್ಟ್ರಿಪ್ ಹಾಕಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಟೈರನ್ನು ಕೊಲ್ಲುವುದು ಗಾಳಿ ಕಡಿಮೆ ಇಟ್ಟು ಓಡಿಸುವುದು. ಮುಧೋಳದ ಕಡೆ ಒಂದು ಅಂಗಡಿಯಲ್ಲಿ ಹಾಗೆ ಓಡಿಸಿದ ಟೈರ್ ಬಿಚ್ಚುವುದನ್ನು ನೋಡಿದ್ದೇನೆ. ಹೊರಗೆ ಬಟನ್, ಅಂದರೆ ರಸ್ತೆಗೆ ತಾಗುವ ಉಬ್ಬು ಅಚ್ಚು, ಇನ್ನೂ ಚೆನ್ನಾಗಿತ್ತು. ಒಳಗಿನಿಂದ ಹಿಡಿ ತುಂಬ ಕಪ್ಪು ಪುಡಿ ಉದುರಿತು, ಪಕ್ಕದ ಗೋಡೆ ತಿಕ್ಕಿ ತಿಕ್ಕಿ ನಾರು ಕಾಣುತ್ತಿತ್ತು. "ಮೊಳಿ ಚುಚ್ಚಿದ್ದು ನಿನ್ನಿ ಇರಬೇಕ್ರಿ. ಗಾಳಿ ಇಲ್ದ ಓಡ್ಸಾಕ ಹತ್ತಿದ್ದು ಭಾಳ ದಿನದಿಂದ" ಅಂದರು ಅಂಗಡಿಯವರು. ಪಕ್ಕದ ಗೋಡೆ ಹಾಳಾದರೆ ಸ್ಟ್ರಿಪ್ಪೂ ಇಲ್ಲ, ಪ್ಯಾಚೂ ಇಲ್ಲ.

ಮಿಷೆಲಿನ್ ತಾನೇ ಕೊಡುವ ಲೆಕ್ಕದಲ್ಲಿ, ಜಗತ್ತಿನಲ್ಲಿ ಐದರಲ್ಲಿ ಒಂದು ಟೈರ್ ಆಯುಸ್ಸು ಮುಗಿಯುವ ಮೊದಲೇ ಗುಜರಿಗೆ ಹೋಗುತ್ತದೆ. ಪಂಕ್ಚರ್ ಮತ್ತು ರಸ್ತೆಯ ಪೆಟ್ಟಿನಿಂದ ನೂರಕ್ಕೆ 12, ಗಾಳಿ ಹೆಚ್ಚುಕಮ್ಮಿ ಇಟ್ಟು ಅಡ್ಡಾದಿಡ್ಡಿ ಸವೆದು ನೂರಕ್ಕೆ 8. ಆ ಎಂಟಂತೂ ನಿಮ್ಮ ಕೈಯಲ್ಲೇ ಇದೆ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಗಾಡಿ ಓಡಿಸುವ ಮೊದಲು ಗಾಳಿ ನೋಡಿ. ಟೈರ್ 10 ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಬಂಕಿನಲ್ಲಿ ಅಳೆದು "ಜಾಸ್ತಿ ಇದೆ" ಅಂತ ಬಿಡಿಸಿದರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ನೈಟ್ರೋಜನ್ನಿಗೆ ದುಡ್ಡು ಕೇಳಿದರೆ ಕೊಡಲೇಬೇಕು ಅಂತೇನಿಲ್ಲ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇದೆ. ರನ್-ಫ್ಲಾಟ್ ಅನ್ನುವ ಟೈರುಗಳೂ ಇವೆ. ಗಾಳಿ ಹೋದ ಮೇಲೂ 80 ಕಿ.ಮೀ.ನಷ್ಟು ದೂರ ನಿಧಾನಕ್ಕೆ ಸಾಗುತ್ತವೆ. ಆದರೆ ಅವು ದುಬಾರಿ, ಪಕ್ಕದ ಗೋಡೆ ಗಟ್ಟಿ. ನಮ್ಮ ತಗ್ಗುದಿಣ್ಣೆಯಲ್ಲಿ ಸೊಂಟಕ್ಕೆ ಒಳ್ಳೆಯದಲ್ಲ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಡಾಟ್ (DOT) ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 1425 ಅಂತ ಇದ್ದರೆ 2025ರ 14ನೇ ವಾರ ತಯಾರಾದದ್ದು. ಎರಡು ಮೂರು ವರ್ಷ ಗೋದಾಮಿನಲ್ಲಿ ಕೂತ ಮಾಲನ್ನು ಹೊಸದರ ರೇಟಿಗೆ ತೆಗೆದುಕೊಳ್ಳಬೇಡಿ. ಈಗಿರುವ ಟೈರಿನ ಬಟನ್ 1.6 ಮಿಲಿಮೀಟರ್‌ಗಿಂತ ಕಡಿಮೆ ಉಳಿದಿದ್ದರೆ ಅದು ಕಾನೂನಿನ ಪ್ರಕಾರವೂ ರಸ್ತೆಗೆ ಲಾಯಕ್ಕಿಲ್ಲ. ವಾಲ್ವಿಗೆ ಕೂರಿಸುವ ಗಾಳಿ ಸೂಚಕ ಬಿಡಿಯಾಗಿಯೂ ಸಿಗುತ್ತದೆ. ಟೈರಿನ ಜೊತೆಗೇ ಹಾಕಿಸಿದರೆ ನಿಧಾನಕ್ಕೆ ಇಳಿಯುವ ಗಾಳಿ ಮೊದಲೇ ಗೊತ್ತಾಗುತ್ತದೆ. ಇಂಥ ಸೂಚಕ ಮತ್ತು ರಿಪೇರಿ ಕಿಟ್ ಕೊಟ್ಟರೆ ಟ್ಯೂಬ್‌ಲೆಸ್ ಕಾರಿಗೆ ಸ್ಟೆಪ್ನಿ ಕೊಡಬೇಕಿಲ್ಲ ಅಂತ 2020ರಲ್ಲಿ ಕಂಪನಿಗಳಿಗೆ ವಿನಾಯಿತಿ ಸಿಕ್ಕಿದೆ. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇದ್ದರೆ ಇಟ್ಟುಕೊಳ್ಳಿ, ನಾಲ್ಕರ ಜೊತೆ ಅದರ ಗಾಳಿಯನ್ನೂ ನೋಡಿಸಿ.