ಅಮೆರಿಕದ ಸರ್ಕಾರಿ ಗುತ್ತಿಗೆಯಲ್ಲಿ ಕೂಲಿ ಎರಡು ಭಾಗವಾದದ್ದು ಹೇಗೆ?

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕಟ್ಟಡ ಕೆಲಸ ನಡೆಯುವ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಒಂದು ದರಪಟ್ಟಿ ಹಾಕಿರಬೇಕು. ಬಡಗಿ, ಎಲೆಕ್ಟ್ರಿಷಿಯನ್, ಪ್ಲಂಬರ್ ಅಂತ ಒಂದೊಂದು ಕಸುಬಿನ ಮುಂದೆ ಎರಡು ಅಂಕಿ ಇರುತ್ತವೆ. ಒಂದು ಗಂಟೆಯ ಕೂಲಿ. ಇನ್ನೊಂದು ಫ್ರಿಂಜ್, ಅಂದರೆ ಆರೋಗ್ಯ ವಿಮೆ, ಪಿಂಚಣಿ, ರಜೆಯಂಥ ಸೌಲಭ್ಯಗಳ ಬಾಬ್ತು. ಗುತ್ತಿಗೆದಾರರ ತಲೆ ತಿನ್ನುವುದು ಈ ಎರಡನೆಯದೇ. ಆದರೆ ಈ ದರಪಟ್ಟಿಯ ಹಿಂದಿರುವ ಡೇವಿಸ್-ಬೇಕನ್ ಕಾಯ್ದೆ ಹುಟ್ಟಿದಾಗ ಇದು ಇರಲೇ ಇಲ್ಲ.

1920ರ ದಶಕದಲ್ಲಿ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಮಾಜಿ ಸೈನಿಕರಿಗಾಗಿ ಒಂದು ಸರ್ಕಾರಿ ಆಸ್ಪತ್ರೆ ಕಟ್ಟಬೇಕಿತ್ತು. ಟೆಂಡರ್ ಅಂದಮೇಲೆ ಕಡಿಮೆ ಹೇಳಿದವರಿಗೇ ಕೆಲಸ. ಗೆದ್ದವನು ದೂರದ ಅಲಬಾಮಾದ ಗುತ್ತಿಗೆದಾರ. ಅಲ್ಲಿಂದಲೇ ಅಗ್ಗದ ಕೂಲಿಗೆ ಜನರನ್ನು ಕರೆತಂದ. ಸ್ಥಳೀಯ ಕೆಲಸಗಾರರು ಕೈ ಕಟ್ಟಿ ನೋಡುವಂತಾಯಿತು. ಅದು ಸಂಸದ ರಾಬರ್ಟ್ ಬೇಕನ್ ಅವರ ಕ್ಷೇತ್ರ. 1927ರಲ್ಲಿ ಅವರು ಮಸೂದೆ ತಂದರು. ಆಗ ಯಾರೂ ಅಷ್ಟು ಕಿವಿಗೊಡಲಿಲ್ಲ. ಮಹಾ ಆರ್ಥಿಕ ಕುಸಿತ ಬಂದು ಕೆಲಸವೇ ಇಲ್ಲದಂತಾದಾಗ ದಾರಿ ಸಲೀಸಾಯಿತು. ಹಿಂದೆ ಕಾರ್ಮಿಕ ಮಂತ್ರಿಯಾಗಿದ್ದ ಸೆನೆಟರ್ ಜೇಮ್ಸ್ ಡೇವಿಸ್ ಜೊತೆಗೂಡಿದರು. 1931ರ ಮಾರ್ಚ್ 3ರಂದು ಅಧ್ಯಕ್ಷ ಹೂವರ್ ಸಹಿ ಹಾಕಿದರು. ಸರ್ಕಾರಿ ಕಟ್ಟಡ ಕೆಲಸಕ್ಕೆ ಆ ಊರಲ್ಲಿ ನಡೆಯುತ್ತಿರುವ ಕೂಲಿಯನ್ನೇ ಕೊಡಬೇಕು ಎಂಬುದು ಡೇವಿಸ್-ಬೇಕನ್ ಕಾಯ್ದೆಯ ತಿರುಳು.

ಇದರ ಹಿಂದೆ ಒಂದು ಅಸಹ್ಯದ ಸಂಗತಿಯೂ ಇದೆ. ಅಲಬಾಮಾದಿಂದ ಬಂದವರಲ್ಲಿ ಕಪ್ಪು ಜನಾಂಗದವರಿದ್ದರು. ಅವರ 'ಅಗ್ಗದ' ದುಡಿಮೆಯ ಬಗ್ಗೆ ಸಂಸತ್ತಿನಲ್ಲಿ ಕೆಲವರು ಬಹಿರಂಗವಾಗಿಯೇ ಕಿಡಿಕಾರಿದ್ದರು. ಆ ಕಾಲದ ಎಷ್ಟೋ ಕಾರ್ಮಿಕ ಸಂಘಗಳು ಅವರನ್ನು ಸೇರಿಸಿಕೊಳ್ಳುತ್ತಲೂ ಇರಲಿಲ್ಲ. ಕಾಯ್ದೆಯನ್ನು ವಿರೋಧಿಸುವವರು ಇವತ್ತಿಗೂ ಇದನ್ನು ಎತ್ತಿ ಆಡುತ್ತಾರೆ. ಎತ್ತಲಿ, ನಿಜವೇ. ಹಾಗಂತ ಕೂಲಿ ಕತ್ತರಿಸಿ ಟೆಂಡರ್ ಗೆಲ್ಲುವ ಆಟ ಸುಳ್ಳಾಗುವುದಿಲ್ಲ.

ಮೊದಲ ಕಾಯ್ದೆಯಲ್ಲಿ ತೂತುಗಳು ಜಾಸ್ತಿ. ಪೂರ್ತಿ ಕೂಲಿ ಕೈಗಿಟ್ಟು, ಆಮೇಲೆ ಅದರಲ್ಲೇ ಒಂದು ಪಾಲು ವಾಪಸ್ ಕಿತ್ತುಕೊಳ್ಳುವವರಿದ್ದರು. ಅದನ್ನು ಅಪರಾಧ ಮಾಡಲು 1934ರಲ್ಲಿ ಕೋಪ್‌ಲ್ಯಾಂಡ್ ಕಾಯ್ದೆ ಬಂತು. ಕೂಲಿ ದರವನ್ನು ಟೆಂಡರಿನಲ್ಲೇ ಮೊದಲೇ ಬರೆದಿರಬೇಕು ಎಂಬ ನಿಯಮ ಬಂದದ್ದು 1935ರಲ್ಲಿ. ಕಾಯ್ದೆ ಅನ್ವಯಿಸುವ ಗುತ್ತಿಗೆಯ ಮೊತ್ತ 5,000 ಡಾಲರಿನಿಂದ 2,000ಕ್ಕೆ ಇಳಿದದ್ದೂ ಆಗಲೇ. ಇಂದಿಗೂ ಅದು 2,000 ಡಾಲರೇ! ಬೆಲೆ ಏರಿದ ಮೇಲೆ ಸಣ್ಣಪುಟ್ಟ ರಿಪೇರಿಯೂ ಇದರೊಳಗೆ ಬಂದುಬಿಟ್ಟಿದೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಸರ್ಕಾರ ಕೂಲಿ ಏರಿಕೆಗೆ ಕಡಿವಾಣ ಹಾಕಿತ್ತು. ಜನರನ್ನು ಉಳಿಸಿಕೊಳ್ಳಲು ಮಾಲೀಕರು ಆರೋಗ್ಯ ವಿಮೆ, ಪಿಂಚಣಿ ಕೊಡತೊಡಗಿದರು. ಯುದ್ಧ ಮುಗಿದ ಮೇಲೂ ಆ ರೂಢಿ ಬೆಳೆಯಿತು. ಆಗ ಹೊಸ ತೊಡಕು. ಕಾಯ್ದೆ ನೋಡುತ್ತಿದ್ದದ್ದು ಬರೀ ಕೂಲಿಯನ್ನು. ವಿಮೆ, ಪಿಂಚಣಿ ಕೊಡುವವನ ಖರ್ಚು ಹೆಚ್ಚು, ಕೊಡದವನ ಟೆಂಡರ್ ಅಗ್ಗ. ಹಳೇ ಆಟವೇ ಹಿಂಬಾಗಿಲಿನಿಂದ ಬಂದಿತ್ತು. 1964ರ ತಿದ್ದುಪಡಿ ಫ್ರಿಂಜನ್ನೂ ಕೂಲಿಯ ಲೆಕ್ಕಕ್ಕೆ ಸೇರಿಸಿತು.

ಒಂದು ಲೆಕ್ಕ ನೋಡೋಣ. ಎಲೆಕ್ಟ್ರಿಷಿಯನ್‌ಗೆ ಗಂಟೆಗೆ 30 ಡಾಲರ್ ಕೂಲಿ, 12 ಡಾಲರ್ ಫ್ರಿಂಜ್ ಅಂತಿದೆ ಅಂದುಕೊಳ್ಳಿ. ಗುತ್ತಿಗೆದಾರ 42 ಡಾಲರನ್ನೂ ನಗದಾಗಿ ಕೊಡಬಹುದು. ಅಥವಾ 30 ಕೈಗೆ ಕೊಟ್ಟು 12 ಡಾಲರನ್ನು ವಿಮೆ, ಪಿಂಚಣಿಗೆ ಕಟ್ಟಬಹುದು. ಕೆಲಸಗಾರನಿಗೆ ಎರಡೂ ಒಂದೇ ಅಲ್ವಾ ಅನಿಸಬಹುದು. ಗುತ್ತಿಗೆದಾರನಿಗೆ ಮಾತ್ರ ಒಂದೇ ಅಲ್ಲ. ನಗದು ಕೊಟ್ಟರೆ ಅದರ ಮೇಲೆ ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ವೃದ್ಧರ ಸರ್ಕಾರಿ ಆರೋಗ್ಯ ವಿಮೆ) ತೆರಿಗೆಯಲ್ಲಿ ಅವನ ಪಾಲು ಶೇ 7.65. ಅಂದರೆ ಆ 12 ಡಾಲರಿಗೇ ಗಂಟೆಗೆ ಸುಮಾರು 92 ಸೆಂಟ್ ಹೆಚ್ಚು. ವಿಮೆ, ಪಿಂಚಣಿ ಯೋಜನೆಗೆ ಕಟ್ಟಿದರೆ ಸಾಮಾನ್ಯವಾಗಿ ಆ ಹೊರೆ ಇಲ್ಲ. ಓವರ್‌ಟೈಮಿನ ಒಂದೂವರೆ ಪಟ್ಟೂ 30ಕ್ಕೆ ಮಾತ್ರ, 12ಕ್ಕಲ್ಲ. ಆ ಗಂಟೆಗೆ 45 ಮತ್ತು 12 ಸೇರಿ 57 ಡಾಲರ್.

ಇದೆಲ್ಲ ಕಟ್ಟಡ ಕಟ್ಟುವವರ ಮಾತು. ಕಟ್ಟಿದ ಮೇಲೆ ಅದೇ ಕಚೇರಿಯನ್ನು ಗುಡಿಸುವವರು, ಕಾವಲು ಕಾಯುವವರು ಹೊರಗೇ ಉಳಿದಿದ್ದರು. ಅವರಿಗಾಗಿ 1965ರಲ್ಲಿ ಸೇವಾ ಗುತ್ತಿಗೆ ಕಾಯ್ದೆ ಬಂತು. ಮೊತ್ತದ ಗೆರೆ 2,500 ಡಾಲರ್. ಇಲ್ಲಿ ಫ್ರಿಂಜ್ ಲೆಕ್ಕ ಇನ್ನೂ ಬಿಗಿ. 'ಕೂಲಿಯನ್ನೇ ಜಾಸ್ತಿ ಕೊಟ್ಟಿದ್ದೀನಿ, ಅದರಲ್ಲೇ ಫ್ರಿಂಜೂ ಸೇರಿದೆ' ಅಂದರೆ ನಡೆಯುವುದಿಲ್ಲ. ನಗದು ಕೊಟ್ಟರೂ ಬೇರೆಯಾಗಿ ತೋರಿಸಬೇಕು. ಗುತ್ತಿಗೆ ಕೈ ಬದಲಾದಾಗ ಹೊಸಬರು ಹಳೇ ಕಾರ್ಮಿಕ ಒಪ್ಪಂದದ ಕೂಲಿ, ಸೌಲಭ್ಯಕ್ಕಿಂತ ಕಡಿಮೆ ಕೊಡಬಾರದು ಎಂಬ ನಿಯಮವೂ 1972ರಲ್ಲಿ ಸೇರಿತು.

ಡೇವಿಸ್-ಬೇಕನ್ ಕಾಯ್ದೆಯನ್ನು ತುರ್ತು ಸಂದರ್ಭದಲ್ಲಿ ತಡೆಹಿಡಿಯುವ ಅಧಿಕಾರ ಅಧ್ಯಕ್ಷರಿಗಿದೆ. ಕತ್ರೀನಾ ಚಂಡಮಾರುತದ ನಂತರ, 2005ರಲ್ಲಿ, ಕಿರಿಯ ಬುಷ್ ಹಾಗೆ ಮಾಡಿದರು. ವಿರೋಧ ಎದ್ದು ಎರಡೇ ತಿಂಗಳಲ್ಲಿ ಹಿಂದೆ ಸರಿದರು. 'ಊರಲ್ಲಿ ನಡೆಯುತ್ತಿರುವ ಕೂಲಿ' ಯಾವುದು ಅನ್ನುವ ಲೆಕ್ಕವೂ ಸರ್ಕಾರದ ಜೊತೆ ಬದಲಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದೇ ದರ ಇರದಿದ್ದರೆ, ಕನಿಷ್ಠ ಶೇ 30 ಮಂದಿಗೆ ಸಿಗುವ ದರವನ್ನು ಹಿಡಿಯುವ ಹಳೇ ಪದ್ಧತಿಯನ್ನು ರೇಗನ್ ಕಾಲದಲ್ಲಿ ಕೈಬಿಟ್ಟಿದ್ದರು. 2023ರಲ್ಲಿ ಬೈಡನ್ ಆಡಳಿತ ಅದನ್ನು ಮತ್ತೆ ತಂದಿತು.

ಗುತ್ತಿಗೆ ಕೆಲಸಗಾರರಿಗೆ ಗಂಟೆಗೆ ಕನಿಷ್ಠ 15 ಡಾಲರ್ ಎಂಬ ಬೈಡನ್ ಅವರ 2021ರ ಆದೇಶವನ್ನು ಟ್ರಂಪ್ 2025ರ ಮಾರ್ಚ್‌ನಲ್ಲಿ ರದ್ದು ಮಾಡಿದರು. ಅದು ಬರೀ ಅಧ್ಯಕ್ಷರ ಆದೇಶ, ಒಂದು ಸಹಿಗೆ ಹೋಯಿತು. 1931 ಮತ್ತು 1965ರ ಕಾಯ್ದೆಗಳು ಸಂಸತ್ತು ಮಾಡಿದವು. ಅವುಗಳನ್ನು ತೆಗೆಯಬೇಕಾದರೆ ಸಂಸತ್ತಿಗೇ ಹೋಗಬೇಕು.