ಸುತ್ತಿಗೆಗೆ ಬಗ್ಗದ ಹಸಿರು ಕಲ್ಲು

ವಜ್ರದ ತುಂಡೊಂದನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಒಡೆದುಹೋಗುತ್ತದೆ. ಜಗತ್ತಿನ ಅತಿ ಗಡಸು ಕಲ್ಲು ಅಂತ ಶಾಲೆಯಲ್ಲಿ ಓದಿದ್ದೇವೆ, ಆದರೂ ಒಡೆಯುತ್ತದೆ. ಅದೇ ಜಾಗದಲ್ಲಿ ನ್ಯೂಜಿಲೆಂಡಿನ ಪೌನಾಮು ಎಂಬ ಹಸಿರು ಕಲ್ಲನ್ನಿಟ್ಟು ಹೊಡೆದರೆ ಸುತ್ತಿಗೆಯೇ ವಾಪಸ್ ಪುಟಿಯುವ ಸಾಧ್ಯತೆ ಜಾಸ್ತಿ. ತಮಾಷೆ ಏನೆಂದರೆ, ಗಡಸುತನದ ಲೆಕ್ಕದಲ್ಲಿ ಈ ಕಲ್ಲು ದೊಡ್ಡ ಆಸಾಮಿಯೇನಲ್ಲ. ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಮರಳಿನಲ್ಲಿರುವ ಬೆಣಚು ಕಲ್ಲಿಗೆ 7, ಇದಕ್ಕೆ 6ರಿಂದ 6.5. ಅಂದರೆ ಹೊಳೆಯ ಮರಳು ಇದನ್ನು ಗೀರುತ್ತದೆ, ಆದರೆ ಸುತ್ತಿಗೆಗೆ ಇದು ಬಗ್ಗುವುದಿಲ್ಲ.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಪೌನಾಮು ಕೆಲಸವೆಲ್ಲ ನಿಂತಿರುವುದು ಈ ಗುಣದ ಮೇಲೆಯೇ. ಕೊರಳಿಗೆ ಕಟ್ಟುವ ಮನುಷ್ಯಾಕೃತಿಯ ಹೇ ಟಿಕಿ, ಗಾಳದ ಆಕಾರದ ಹೇ ಮತೌ, ಕೈಯಲ್ಲಿ ಹಿಡಿಯುವ ಮೆರೆ ಎಂಬ ಚಪ್ಪಟೆ ಆಯುಧ, ಮರ ಕೆತ್ತುವ ಟೋಕಿ ಎಂಬ ಬಾಚಿ, ಇವನ್ನೆಲ್ಲ ನಾವು ಸಲೀಸಾಗಿ ಕೆತ್ತನೆ ಅನ್ನುತ್ತೇವೆ. ಆದರೆ ಉಳಿ ಹಿಡಿದು ಚಕ್ಕೆ ಎಬ್ಬಿಸುವ ಕೆಲಸ ಇಲ್ಲಿ ಇಲ್ಲವೇ ಇಲ್ಲ. ಇದು ಸವೆಸುವ ಕೆಲಸ.

ಯಾಕೆ ಹೀಗೆ? ಗೀರು ಬೀಳುವುದು ಬೇರೆ, ಬಿರುಕು ಓಡುವುದು ಬೇರೆ. ಗಾಜಿನಲ್ಲಿ ಒಂದು ಕಡೆ ಬಿರುಕು ಶುರುವಾದರೆ ಅದನ್ನು ತಡೆಯುವವರೇ ಇಲ್ಲ, ಆ ತುದಿಯಿಂದ ಈ ತುದಿಗೆ ಕ್ಷಣದಲ್ಲಿ ಓಡುತ್ತದೆ. ವಜ್ರದಲ್ಲಿ ಪರಮಾಣುಗಳು ಎಷ್ಟು ಶಿಸ್ತಾಗಿ ನಿಂತಿವೆ ಎಂದರೆ ಕೆಲವು ದಿಕ್ಕುಗಳಲ್ಲಿ ಹಲಗೆ ಸೀಳಿದ ಹಾಗೆ ಬೇರೆಯಾಗುತ್ತವೆ. ಪೌನಾಮುವಿನ ಬಹುಪಾಲು ನೆಫ್ರೈಟ್, ಅಂದರೆ ಒಡವೆಗೆ ಬಳಸುವ ಜೇಡ್ ಕಲ್ಲಿನ ಒಂದು ಬಗೆ. ಟ್ರೆಮೊಲೈಟ್, ಆಕ್ಟಿನೊಲೈಟ್ ಎಂಬ ಖನಿಜಗಳ ನಾರುಗಳಿಂದ ಆದ ಕಲ್ಲು ಇದು. ನಾರುಗಳು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಷ್ಟು ಸಣ್ಣವು. ಒಂದು ದಿಕ್ಕಿಗೆ ಬಾಚಿದಂತೆಯೂ ಇಲ್ಲ, ಗಂಟುಗಂಟಾಗಿ ಎಲ್ಲ ದಿಕ್ಕಿಗೂ ಹೆಣೆದುಕೊಂಡಿವೆ. ತೆಂಗಿನಕಾಯಿಯ ಚಿಪ್ಪು ಒಂದೇ ಏಟಿಗೆ ಎರಡಾಗುತ್ತದೆ, ಅದರ ಹೊರಗಿನ ಸಿಪ್ಪೆ ಎಷ್ಟು ಬಡಿದರೂ ನಾರು ನಾರಾಗಿ ಹಿಡಿದುಕೊಂಡೇ ಇರುತ್ತದೆ, ಅಲ್ವಾ? ಇಲ್ಲಿಯೂ ಅದೇ ಕಥೆ. ಬಿರುಕು ಒಂದು ನಾರಿಗೆ ಬಡಿದು ತಿರುಗುತ್ತದೆ, ಇನ್ನೊಂದಕ್ಕೆ ಬಡಿದು ಮತ್ತೆ ತಿರುಗುತ್ತದೆ, ಪ್ರತಿ ತಿರುವಿನಲ್ಲೂ ಶಕ್ತಿ ಕಳೆದುಕೊಂಡು ಕೊನೆಗೆ ಸುಮ್ನೆ ನಿಂತುಬಿಡುತ್ತದೆ. 1973ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಅಳೆದು ನೋಡಿದರು. ಬಿರುಕನ್ನು ತಡೆಯುವುದರಲ್ಲಿ ನೆಫ್ರೈಟ್ ಮಾಮೂಲಿ ಗಾಜಿಗಿಂತ ಸುಮಾರು ಹತ್ತು ಪಟ್ಟು ಮೇಲು ಅಂತ ಆ ಅಂಕಿಗಳಿಂದ ಗೊತ್ತಾಗುತ್ತದೆ.

ಇಂಥ ಕಲ್ಲು ಎಲ್ಲೆಂದರಲ್ಲಿ ಆಗುವುದಿಲ್ಲ. ಭೂಮಿಯ ಆಳದಿಂದ ಬಂದ, ಮೆಗ್ನೀಸಿಯಂ ಜಾಸ್ತಿ ಇರುವ ಕಲ್ಲು ಒಂದು ಕಡೆ. ಸಿಲಿಕಾ, ಕ್ಯಾಲ್ಸಿಯಂ ಇರುವ ಬೇರೆ ಜಾತಿಯ ಕಲ್ಲು ಇನ್ನೊಂದು ಕಡೆ. ಎರಡೂ ಒತ್ತಿಕೊಂಡು ನಿಂತ ಗಡಿಯಲ್ಲಿ ಬಿಸಿನೀರು ಹರಿದಾಡಬೇಕು. ಆ ನೀರು ಇಲ್ಲಿನದನ್ನು ಅಲ್ಲಿಗೆ, ಅಲ್ಲಿನದನ್ನು ಇಲ್ಲಿಗೆ ಸಾಗಿಸುತ್ತದೆ, ಒತ್ತಡ ಹಿಂಡುತ್ತಲೇ ಇರುತ್ತದೆ, ಗಡಿಯ ತೆಳು ಪಟ್ಟಿಯಲ್ಲಿ ಈ ನಾರುಗಳು ಬೆಳೆಯುತ್ತವೆ. ಅದೇ ಗಡಿಯಲ್ಲಿ ಬಳಪದ ಕಲ್ಲೂ ಹುಟ್ಟುವುದುಂಟು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಆಭರಣದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಲು ಸಾಧ್ಯವಾದದ್ದು ಅವರ ಕಲ್ಲು ಬಳಪದ ಜಾತಿಯ ಮೆದು ಕಲ್ಲಾಗಿದ್ದರಿಂದ. ಪೌನಾಮು ಆ ಕಲ್ಲಿನ ದೂರದ ನೆಂಟ ಅನ್ನಬಹುದು, ಸ್ವಭಾವ ಮಾತ್ರ ಪೂರ್ತಿ ಉಲ್ಟಾ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉದ್ದಕ್ಕೂ ಆಲ್ಪೈನ್ ಫಾಲ್ಟ್ ಎಂಬ ದೊಡ್ಡ ಬಿರುಕು ಹಾದುಹೋಗಿದೆ. ಪೆಸಿಫಿಕ್ ಫಲಕ ಮತ್ತು ಆಸ್ಟ್ರೇಲಿಯನ್ ಫಲಕ ಅಲ್ಲಿ ಒಂದನ್ನೊಂದು ತಳ್ಳುತ್ತಿವೆ. ಹಾಗಾಗಿ ಆಳದಲ್ಲಿ ಹುಟ್ಟಿದ ಈ ಕಲ್ಲಿನ ಪಟ್ಟಿಗಳು ಸದರ್ನ್ ಆಲ್ಪ್ಸ್ ಬೆಟ್ಟಗಳ ಜೊತೆ ಮೇಲೆ ಬಂದಿವೆ. ಅಲ್ಲಿ ಮಳೆ ಜೋರು. ಅರಾಹುರಾ, ತರಮಕೌ ನದಿಗಳು ಬಂಡೆಗಳನ್ನು ಉರುಳಿಸಿಕೊಂಡು ಪಶ್ಚಿಮ ಕರಾವಳಿಗೆ ತರುತ್ತವೆ. ದಾರಿಯಲ್ಲಿ ಬಿರುಕು ಬಿಟ್ಟ, ಸಡಿಲವಾದ ಕಲ್ಲುಗಳೆಲ್ಲ ಪುಡಿಯಾಗುತ್ತವೆ. ತಾಳಿಕೆ ಇರುವುದು ಮಾತ್ರ ಉಳಿಯುತ್ತದೆ. ಕೆತ್ತುವವನಿಗೆ ಬೇಕಾದ ಗುಣಪರೀಕ್ಷೆಯನ್ನು ನದಿಯೇ ಪುಕ್ಕಟೆಯಾಗಿ ಮಾಡಿ ಕೊಡುತ್ತದೆ. ನೋಡಲು ಆ ಗುಂಡುಕಲ್ಲು ಬೂದು, ಕಂದು ಸಿಪ್ಪೆ ಹೊದ್ದಿರುತ್ತದೆ, ಹಸಿರು ಒಳಗೆ ಅಡಗಿರುತ್ತದೆ. ಬಣ್ಣಕ್ಕೆ ತಕ್ಕಂತೆ ಹೆಸರುಗಳಿವೆ: ಕಡು ಹಸಿರಿನದು ಕವಕವ, ಅದೇ ಹೆಸರಿನ ಗಿಡದ ಎಲೆಯಿಂದ ಬಂದದ್ದು, ಬೆಳ್ಳನೆಯದು ಇನಂಗ, ಅದು ಒಂದು ಪುಟ್ಟ ಮೀನು. ತಂಗಿವೈ ಅಂತ ಇನ್ನೊಂದಿದೆ, ಬೆಳಕಿಗೆ ಹಿಡಿದರೆ ಆರಪಾರ ಕಾಣುತ್ತದೆ. ಅದು ನೆಫ್ರೈಟ್ ಅಲ್ಲ, ಬೋವೆನೈಟ್ ಎಂಬ ಬೇರೆಯೇ ಖನಿಜ. ಮಿಲ್ಫರ್ಡ್ ಸೌಂಡ್ ಕಡೆ ಸಿಗುತ್ತದೆ. ಖನಿಜಶಾಸ್ತ್ರ ಬೇರೆ ಮಾಡಿದರೂ ಮಾವೊರಿಗಳಿಗೆ ಎರಡೂ ಪೌನಾಮುವೇ.

ಈ ಜನರ ಪೂರ್ವಜರು ದೋಣಿಗಳಲ್ಲಿ ಬಂದಿಳಿದದ್ದು ಸುಮಾರು 13ನೇ ಶತಮಾನದಲ್ಲಿ, ಪೂರ್ವ ಪಾಲಿನೇಷ್ಯಾದ ದ್ವೀಪಗಳಿಂದ. ಆ ದ್ವೀಪಗಳೆಲ್ಲ ಜ್ವಾಲಾಮುಖಿಯಿಂದ ಎದ್ದವು ಇಲ್ಲವೇ ಹವಳದವು. ಅಲ್ಲಿ ಬಾಚಿ ಮಾಡಲು ಇದ್ದದ್ದು ಬಸಾಲ್ಟ್, ಅದನ್ನು ಇನ್ನೊಂದು ಕಲ್ಲಿನಿಂದ ಹೊಡೆದು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ಆಮೇಲೆ ಉಜ್ಜಿ ನಯ ಮಾಡುತ್ತಿದ್ದರು. ಹೊಸ ನಾಡಿನಲ್ಲೂ ಮೊದಮೊದಲು ಬಸಾಲ್ಟ್, ಆರ್ಜಿಲೈಟ್ ಕಲ್ಲುಗಳಲ್ಲೇ ಕೆಲಸ ನಡೆಯಿತು. ಪೌನಾಮು ಮುಂದೆ ಬಂದದ್ದು ನಿಧಾನವಾಗಿ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ತಲೆಮಾರುಗಳಿಂದ ಕೈಗೆ ಹತ್ತಿದ ಚಕ್ಕೆ ಎಬ್ಬಿಸುವ ವಿದ್ಯೆ ಇಲ್ಲಿ ಕೈಕೊಟ್ಟಿತು, ಹೊಸದೊಂದನ್ನು ಕಂಡುಕೊಳ್ಳಬೇಕಾಯಿತು.

ಕಂಡುಕೊಂಡದ್ದು ಮರಳುಗಲ್ಲಿನ ಗರಗಸ. ಹಲ್ಲಿಲ್ಲದ ಗರಗಸ ಅದು, ಅಂಚು ತೆಳುವಾದ ಮರಳುಗಲ್ಲಿನ ಹಲಗೆ ಅಷ್ಟೇ. ನೀರು ಹಾಕುತ್ತ ಅದನ್ನು ಪೌನಾಮುವಿನ ಮೇಲೆ ಹಿಂದೆ ಮುಂದೆ ಎಳೆಯಬೇಕು. ಕೊಯ್ಯುವುದು ಹಲಗೆಯಲ್ಲ, ಅದರಿಂದ ಉದುರುವ ಬೆಣಚಿನ ಕಣಗಳು. 7 ಮತ್ತು 6.5ರ ನಡುವಿನ ಆ ಅರ್ಧ ಅಂಕದ ಅಂತರವೇ ಇವರ ಇಡೀ ಬಂಡವಾಳ. ಮೇಲಿನಿಂದ ಒಂದು ಕಾಲುವೆ ಕೊರೆದು, ಕಲ್ಲನ್ನು ಮಗುಚಿ ಕೆಳಗಿನಿಂದ ಇನ್ನೊಂದು ಕೊರೆದು, ನಡುವೆ ತೆಳು ಗೋಡೆ ಉಳಿದಾಗ ಏಟು ಕೊಟ್ಟು ಮುರಿಯುತ್ತಿದ್ದರು. ಮ್ಯೂಸಿಯಂಗಳಲ್ಲಿರುವ ಹಳೆಯ ತುಂಡುಗಳ ಅಂಚಿನಲ್ಲಿ ಎರಡು ನುಣುಪು ಇಳಿಜಾರು, ಮಧ್ಯದಲ್ಲೊಂದು ಒರಟು ಗೆರೆ ಕಂಡರೆ ಅದು ಇದೇ ಮುರಿತದ ಗಾಯ.

ತೂತು ಕೊರೆಯುವುದಕ್ಕೂ ಇದೇ ತತ್ವ. ಮರದ ಕಡ್ಡಿಯ ತುದಿಗೆ ಗಡಸು ಕಲ್ಲಿನ ಚೂಪು, ಕಡ್ಡಿಗೆ ಭಾರದ ಕಲ್ಲುಗಳು, ಸುತ್ತಿದ ಹಗ್ಗದ ಎರಡು ತುದಿಗಳನ್ನು ಒಂದಾದ ಮೇಲೊಂದು ಎಳೆದರೆ ಕಡ್ಡಿ ಆ ಕಡೆ ಈ ಕಡೆ ತಿರುಗುತ್ತದೆ. ಚೂಪು ಸವೆಯುತ್ತ ಹೋಗುವುದರಿಂದ ತೂತು ಒಳಗೆ ಹೋದಂತೆ ಕಿರಿದಾಗುತ್ತದೆ. ಅದಕ್ಕೇ ಎರಡೂ ಬದಿಯಿಂದ ಕೊರೆದು ಮಧ್ಯೆ ಕೂಡಿಸುತ್ತಿದ್ದರು. ಎರಡು ಬಾಯಿ ಅಗಲ, ನಡು ಸಣ್ಣ. ಹಳೆಯದು ಅಂತ ಮಾರುವ ಪದಕದಲ್ಲಿ ತೂತು ನೆಟ್ಟಗೆ ಕೊಳವೆಯಂತಿದ್ದರೆ ಲೋಹದ ಡ್ರಿಲ್ ಅಲ್ಲಿ ಓಡಾಡಿದೆ ಎಂದೇ ಅರ್ಥ.

ಆಕಾರಗಳೂ ಈ ಕಷ್ಟದಿಂದಲೇ ಬಂದವು ಅಂತ ನನಗನ್ನಿಸುತ್ತದೆ. ಹೇ ಟಿಕಿಯಲ್ಲಿ ತಲೆ ಒಂದು ಭುಜದ ಕಡೆ ವಾಲಿರುತ್ತದೆ, ಕೈಗಳು ಮೈಗೆ ಅಂಟಿರುತ್ತವೆ, ಇಡೀ ಆಕೃತಿ ಒಂದು ಚಪ್ಪಟೆ ಆಯತದೊಳಗೆ ಕೂರುತ್ತದೆ. ಸವೆಸಿ ತೆಗೆಯುವವನಿಗೆ ಪ್ರತಿ ಖಾಲಿ ಜಾಗವೂ ದಿನಗಟ್ಟಲೆ ದುಡಿಮೆ, ಸುಮ್ಮನೆ ಯಾರು ಕಲ್ಲು ತೆಗೆಯುತ್ತಾರೆ? ಇನ್ನೊಂದು ಕಾರಣವೂ ಇದೆ. 18ನೇ ಶತಮಾನದ ಕೊನೆಯಿಂದ ಯುರೋಪಿನ ಹಡಗುಗಳ ಜೊತೆ ಕಬ್ಬಿಣ ಬಂತು, ಕಲ್ಲಿನ ಬಾಚಿಗಳಿಗೆ ಕೆಲಸ ಇಲ್ಲದಾಯಿತು. ಬಾಚಿಯ ಚಪ್ಪಟೆ ಅಲಗು ಹೇ ಟಿಕಿ ಮಾಡಲು ಹೇಳಿ ಮಾಡಿಸಿದ ಹಾಗಿತ್ತು, ಅರ್ಧ ಕೆಲಸ ಅಜ್ಜನೇ ಮುಗಿಸಿಟ್ಟಿದ್ದ. ಕೆಲವು ಹೇ ಟಿಕಿಗಳ ಕಾಲಬುಡದಲ್ಲಿ ಬಾಚಿಯ ಓರೆ ಅಂಚು ಇವತ್ತಿಗೂ ಕಾಣುತ್ತದೆ. ಮುಂದೆ ಪ್ರವಾಸಿಗರ ಬೇಡಿಕೆ ಏರಿದಾಗ ಈ ಕಲ್ಲು ಹಡಗು ಹತ್ತಿ ಜರ್ಮನಿಯ ಇಡಾರ್-ಒಬರ್‌ಸ್ಟೈನ್ ಊರಿನ ರತ್ನ ಕೊಯ್ಯುವ ಕಾರ್ಖಾನೆಗಳಿಗೂ ಹೋಯಿತು, ಅಲ್ಲಿಂದ ಸಾಲುಸಾಲು ಟಿಕಿಗಳಾಗಿ ವಾಪಸ್ ಬಂತು.

ಕಲ್ಲಿನ ಬಗ್ಗೆ ಒಂದು ಹಳೆಯ ಕಥೆಯಿದೆ. ಪೌಟಿನಿ ಎಂಬ ನೀರಿನ ಜೀವಿ ಉತ್ತರದ ಟೂಹುವಾ ದ್ವೀಪದಲ್ಲಿ ವೈಟೈಕಿ ಎಂಬ ಹೆಂಗಸನ್ನು ಕದ್ದುಕೊಂಡು ಓಡುತ್ತಾನೆ. ಗಂಡ ತಮಾಹುವಾ ಬೆನ್ನಟ್ಟುತ್ತಾನೆ. ಪೌಟಿನಿ ಅಲ್ಲಲ್ಲಿ ತಂಗಿ ಅವಳಿಗೆ ಬೆಂಕಿ ಕಾಯಿಸುತ್ತ ದಕ್ಷಿಣಕ್ಕೆ ಬರುತ್ತಾನೆ, ಕೊನೆಗೆ ಸಿಕ್ಕಿಬೀಳುವ ಭಯಕ್ಕೆ ಅರಾಹುರಾ ನದಿಯಲ್ಲಿ ಅವಳನ್ನು ಪೌನಾಮು ಮಾಡಿಬಿಡುತ್ತಾನೆ. ಈಗ ಭೂವಿಜ್ಞಾನದ ನಕ್ಷೆ ತೆಗೆದು ಅವನು ತಂಗಿದ ಜಾಗಗಳನ್ನು ನೋಡಿ. ಟೂಹುವಾ ಎಂದರೆ ಅಬ್ಸಿಡಿಯನ್ ಗಾಜುಕಲ್ಲಿನ ದ್ವೀಪ. ಟಹಂಗದಲ್ಲಿ ಬಾಚಿಗೆ ಬರುವ ಬಸಾಲ್ಟ್. ಡರ್ವಿಲ್ ದ್ವೀಪದಲ್ಲಿ ಆರ್ಜಿಲೈಟ್. ಕೊನೆಗೆ ಪೌನಾಮು. ಬರಹವಿಲ್ಲದ ಕಾಲದಲ್ಲಿ ಉಪಯುಕ್ತ ಕಲ್ಲುಗಳ ಪಟ್ಟಿಯನ್ನು, ಸಿಗುವ ಜಾಗದ ಸಮೇತ, ಒಂದು ಅಪಹರಣದ ಕಥೆಯಲ್ಲಿ ಕಟ್ಟಿಟ್ಟಿದ್ದಾರೆ. ಮಕ್ಕಳೂ ಮರೆಯುವುದಿಲ್ಲ.

ಪೌನಾಮು ಬಿಟ್ಟು ಪೆಸಿಫಿಕ್‌ನ ಬೇರೆ ಒಡವೆಗಳನ್ನು ನೋಡಿದರೂ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಅವರು ಆರಿಸಿಕೊಂಡ ವಸ್ತುಗಳೆಲ್ಲ ಬಿರುಕನ್ನು ದಾರಿ ತಪ್ಪಿಸುವಂಥವೇ. ಮೂಳೆಯಲ್ಲಿ ಗಡಸು ಖನಿಜದ ಕಣಗಳು ಕೊಲಾಜೆನ್ ಎಂಬ ನಾರಿನ ಮೇಲೆ ಕೂತಿವೆ. ಕಾಲಿನ ಉದ್ದ ಮೂಳೆಯಲ್ಲಿ ನಾರು ಹೆಚ್ಚಾಗಿ ಉದ್ದಕ್ಕೇ ಓಡುತ್ತದೆ, ಹಾಗಾಗಿ ಗಾಳದ ಕಾಂಡ ಆ ದಿಕ್ಕಿಗೇ ಬರುವಂತೆ ಕೊಯ್ಯಬೇಕು, ಅಡ್ಡ ಕೊಯ್ದರೆ ಗಾಳ ಮುರಿಯುತ್ತದೆ. ಮೋವಾ ಹಕ್ಕಿಗಳು ಇದ್ದಾಗ ಅವುಗಳ ಮೂಳೆ, ಆಮೇಲೆ ತಿಮಿಂಗಿಲದ ಮೂಳೆ. ಈಗ ಹೆಚ್ಚಾಗಿ ದನದ ಮೂಳೆ. ಜಿಡ್ಡು ತೆಗೆಯಲು ಅದನ್ನು ಜಾಸ್ತಿ ಕುದಿಸಿದರೆ ಕೊಲಾಜೆನ್ ಕೆಟ್ಟು ಮೂಳೆ ಪೆಡಸಾಗುತ್ತದೆ. ಟೂನಾ ಜಾತಿಯ ಮೀನಿಗೆ ಎಳೆಯುವ ಗಾಳಕ್ಕೆ ಮುತ್ತಿನ ಚಿಪ್ಪು ಬೇಕು. ಅದರಲ್ಲಿ ಅರಗೋನೈಟ್ ಎಂಬ ಸುಣ್ಣದ ಖನಿಜದ ತೆಳು ಬಿಲ್ಲೆಗಳು, ಒಂದೊಂದೂ ಸುಮಾರು ಅರ್ಧ ಮೈಕ್ರಾನ್ ದಪ್ಪ, ನಡುವೆ ಪ್ರೋಟೀನಿನ ಅಂಟು ಹಚ್ಚಿ ಪದರ ಪದರವಾಗಿ ಕೂತಿವೆ. ಬಿರುಕು ಬಿಲ್ಲೆಗಳನ್ನು ಸುತ್ತಿ ಸುತ್ತಿ ಹೋಗಬೇಕು. ಆ ದಪ್ಪ ಬೆಳಕಿನ ಅಲೆಯ ಉದ್ದಕ್ಕೆ ಹತ್ತಿರ ಇರುವುದರಿಂದ ಬಣ್ಣಬಣ್ಣದ ಹೊಳಪೂ ಬರುತ್ತದೆ, ಮೀನು ಮರುಳಾಗುವುದು ಅದಕ್ಕೇ. ಮಾವೊರಿ ಮರದ ಕೆತ್ತನೆಗಳ ಕಣ್ಣುಗಳಲ್ಲಿ ಮಿನುಗುವ ಪೌವಾ ಚಿಪ್ಪೂ ಇದೇ ಬಗೆಯದು.

ಇವತ್ತು ಹೊಕಿಟಿಕಾ ಊರಿನ ಕೆತ್ತುಗಾರರ ಕೈಯಲ್ಲಿ ಇರುವುದು ವಜ್ರದ ಪುಡಿ ಹಚ್ಚಿದ ಗರಗಸ, ಕರೆಂಟಿನಲ್ಲಿ ತಿರುಗುವ ಸಣ್ಣ ಸಣ್ಣ ಬಿಟ್‌ಗಳು. ಇದಕ್ಕೆ ಕೈಕೆತ್ತನೆ ಅನ್ನಬಹುದೇ ಅಂತ ಕೆಲವರು ತಕರಾರು ತೆಗೆಯುತ್ತಾರೆ. ನನಗೆ ಅದು ದೊಡ್ಡ ತಕರಾರು ಅನ್ನಿಸುವುದಿಲ್ಲ, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮೆಷಿನ್ ಹೇಳುವುದಿಲ್ಲವಲ್ಲ. ಪಾಲಿಶ್ ಮಾಡುವಾಗಲಂತೂ ಕಲ್ಲು ಹಳೆಯ ಹಟವನ್ನೇ ಹಿಡಿಯುತ್ತದೆ: ನಾರುಗಳು ಬೇರೆ ಬೇರೆ ದಿಕ್ಕಿಗೆ ಇರುವುದರಿಂದ ಕೆಲವು ಬೇಗ ಸವೆದು, ಕೆಲವು ನಿಧಾನಕ್ಕೆ ಸವೆದು, ಅವಸರ ಮಾಡಿದವನ ಪದಕ ಸಣ್ಣ ಸಣ್ಣ ಗುಳಿ ಬಿದ್ದಂತೆ ಕಾಣುತ್ತದೆ. ನೀರನ್ನಂತೂ ಬಿಡುವಂತೆಯೇ ಇಲ್ಲ. ಟ್ರೆಮೊಲೈಟ್, ಆಕ್ಟಿನೊಲೈಟ್ ಇನ್ನೊಂದು ರೂಪದಲ್ಲಿ ಬೆಳೆದರೆ ಅದೇ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಶ್ವಾಸಕೋಶಕ್ಕೆ ವಿಷ. ನೆಫ್ರೈಟ್ ಪದಕ ಧರಿಸುವುದರಲ್ಲಿ ಅಪಾಯವಿಲ್ಲ, ಒಣಗಿದ ಕಲ್ಲನ್ನು ಮೆಷಿನ್‌ನಲ್ಲಿ ಉಜ್ಜಿ ಏಳುವ ಧೂಳು ಮಾತ್ರ ಒಳಗೆ ಹೋಗಬಾರದು. ಯೂಟ್ಯೂಬ್ ನೋಡಿ ಮನೆಯಲ್ಲಿ ಶುರು ಮಾಡುವವರು ನೀರು, ಒಳ್ಳೆಯ ಮಾಸ್ಕ್ ಎರಡೂ ಇಲ್ಲದೆ ಕೈ ಹಾಕದಿರುವುದೇ ಒಳ್ಳೆಯದು.

ಇನ್ನು ಅಸಲಿ, ನಕಲಿ ಪ್ರಶ್ನೆ. 1997ರ ಕಾನೂನಿನಿಂದ ಮಾವೊರಿಗಳ ಙಾಯಿ ತಾಹು ಬುಡಕಟ್ಟಿನ ನಾಡಿನಲ್ಲಿ ನೆಲದಲ್ಲಿರುವ ಪೌನಾಮುವಿನ ಒಡೆತನ ಸರ್ಕಾರದಿಂದ ಅವರಿಗೆ ವಾಪಸ್ ಬಂತು. ಪಶ್ಚಿಮ ಕರಾವಳಿಯ ಬೀಚುಗಳಲ್ಲಿ ಒಬ್ಬರು ಹೊರುವಷ್ಟು ಹೆಕ್ಕಲು ಜನರಿಗೆ ಬಿಟ್ಟಿದ್ದಾರೆ, ನದಿಗೆ ಹೋಗಿ ಬಂಡೆ ಎತ್ತಿಕೊಂಡು ಬರುವಂತಿಲ್ಲ. ಆದರೆ ನೆಫ್ರೈಟ್ ಕೆನಡಾ, ಸೈಬೀರಿಯಾ, ಚೀನಾದಲ್ಲೂ ಸಿಗುತ್ತದೆ. ಅಲ್ಲಿನ ಕಲ್ಲನ್ನು ಅಗ್ಗಕ್ಕೆ ಕೊಯ್ದು ಮಾವೊರಿ ಆಕಾರ ಕೊಟ್ಟರೆ ಕಣ್ಣಿನಿಂದ ಗುರುತಿಸುವುದು ಕಷ್ಟ. ಇಲ್ಲಿ ಸಹಾಯಕ್ಕೆ ಬರುವುದು ಸ್ಟ್ರಾನ್ಷಿಯಂ. ರುಬಿಡಿಯಂ-87 ಎಂಬ ಪರಮಾಣು ಬಹಳ ಬಹಳ ನಿಧಾನವಾಗಿ ಸ್ಟ್ರಾನ್ಷಿಯಂ-87 ಆಗುತ್ತದೆ. ಯಾವ ಬಂಡೆಯಲ್ಲಿ ರುಬಿಡಿಯಂ ಎಷ್ಟಿತ್ತು, ಬಂಡೆ ಎಷ್ಟು ಹಳೆಯದು ಅನ್ನುವುದರ ಮೇಲೆ ಸ್ಟ್ರಾನ್ಷಿಯಂ-87 ಮತ್ತು 86ರ ಅನುಪಾತ ನಿಲ್ಲುತ್ತದೆ. ನೆಫ್ರೈಟ್ ತಾನು ಹುಟ್ಟಿದ ಗಡಿಯ ಬಂಡೆಗಳಿಂದ ಈ ಅನುಪಾತವನ್ನು ಎತ್ತಿಕೊಂಡಿರುತ್ತದೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ನ್ಯೂಜಿಲೆಂಡಿನ ಕಲ್ಲಿನ ಮೂಲವನ್ನು ಈ ಗುರುತಿನಿಂದ ಪತ್ತೆ ಮಾಡುವ ದಾರಿ ತೋರಿಸಿತು.

ಅಂಗಡಿಯಲ್ಲಿ ನಿಂತು ಈ ಪರೀಕ್ಷೆ ಮಾಡಲಾಗುವುದಿಲ್ಲ ನಿಜ. ಅದಕ್ಕೇ ಙಾಯಿ ತಾಹು ತಮ್ಮ ಕಲ್ಲಿನ ಒಡವೆಗಳಿಗೆ ಒಂದೊಂದು ಗುರುತಿನ ಸಂಖ್ಯೆ ಕೊಡುತ್ತಾರೆ, ಅದರಿಂದ ಕಲ್ಲಿನ ಮೂಲ ಹುಡುಕಬಹುದು. ನ್ಯೂಜಿಲೆಂಡಿಗೆ ಹೋದ ನೆಂಟರ ಕೈಲಿ ಒಂದು ಪದಕ ತರಿಸಿಕೊಳ್ಳುವ ಆಸೆ ಇದ್ದರೆ ಎರಡೇ ಪ್ರಶ್ನೆ ಕೇಳಲು ಹೇಳಿ: ಕಲ್ಲು ಎಲ್ಲಿಯದು, ಕೆತ್ತಿದವರು ಯಾರು. "ಅಸಲಿ ಜೇಡ್ ಸಾರ್" ಅಂತಷ್ಟೇ ಉತ್ತರ ಬಂದರೆ ದುಡ್ಡು ಜೇಬಲ್ಲೇ ಇರಲಿ.